ಡಿಸೆಂಬರ್ ಬೇಡ, ಮಾರ್ಚ್‌ನಲ್ಲಿ ಬನ್ನಿ

ದೀಪಾವಳಿ ಕಳೆಯಿತು ಅಂದರೆ ಊರಿಂದ ಫೋನ್ ಬರೋದಕ್ಕೆ ಶುರು. "ಕ್ರಿಸ್‌ಮಸ್ ರಜೆಗೆ ನಿಮ್ಮ ಫಿನ್‌ಲ್ಯಾಂಡ್‌ಗೆ ಬರೋಣ ಅಂತಿದ್ದೀವಿ. ಆ ಚಳಿಯಲ್ಲಿ ಬಂದು ಏನು ಮಾಡೋದು?" ಔಲು ಪಟ್ಟಣದಲ್ಲಿ ಏಳು ಚಳಿಗಾಲ ಕಳೆದಿದ್ದೇನೆ. ಪ್ರತಿ ವರ್ಷ ಇದೇ ಪ್ರಶ್ನೆ. ಫೋನಿನಲ್ಲಿ ಪೂರ್ತಿ ಹೇಳೋದಕ್ಕೆ ಆಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಾಡೋದಕ್ಕೆ ಬೇಕಾದಷ್ಟಿದೆ. ಆದರೆ ಡಿಸೆಂಬರ್‌ನಲ್ಲಿ ಬರಬೇಡಿ. ಮಾರ್ಚ್ 15 ಕಳೆಯಲಿ, ಆಮೇಲೆ ಬನ್ನಿ.

"ಅಷ್ಟು ಹೊತ್ತಿಗೆ ಹಿಮ ಕರಗಿರಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಉತ್ತರದ ಲ್ಯಾಪ್‌ಲ್ಯಾಂಡ್‌ನಲ್ಲಿ ಹಿಮ ಎಲ್ಲಕ್ಕಿಂತ ದಪ್ಪವಾಗಿರೋದೇ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ. ತಿಂಗಳುಗಟ್ಟಲೆ ಬಿದ್ದದ್ದೆಲ್ಲ ಹಾಗೇ ಕೂತಿರುತ್ತದೆ. ಊರಲ್ಲಿ ಯುಗಾದಿಗೆ ಮಾವಿನ ಎಲೆ ಕಟ್ಟುವ ದಿನ ಇಲ್ಲಿ ನಾವು ಬಾಗಿಲ ಮುಂದಿನ ಹಿಮ ಎತ್ತಿ ಹಾಕುತ್ತಿರುತ್ತೇವೆ.

ಬದಲಾಗಿರೋದು ಬೆಳಕು. ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಯಲ್ಲೇ ಹಗಲು 6 ಗಂಟೆಗೂ ಕಡಿಮೆ. ನಮ್ಮ ಔಲುವಿನಲ್ಲಿ ಮೂರೂವರೆ ಗಂಟೆ. ಇನ್ನೂ ಮೇಲಕ್ಕೆ ಉತ್ಸ್‌ಯೋಕಿಗೆ ಹೋದರೆ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟೋದೇ ಇಲ್ಲ. ಇಲ್ಲಿಯವರು ಅದನ್ನು ಕಾಮೊಸ್ ಅನ್ನುತ್ತಾರೆ. ಆ ನೀಲಿ ಮಬ್ಬು ಬೆಳಕಿಗೆ ಅದರದ್ದೇ ಚೆಂದ ಇದೆ, ನನಗೂ ಇಷ್ಟ. ಆದರೆ ಅಷ್ಟು ದುಡ್ಡು ಸುರಿದು ಒಂದು ವಾರಕ್ಕೆ ಬಂದವರು ಮಧ್ಯಾಹ್ನ ಮೂರಕ್ಕೇ ರಾತ್ರಿ ಆದದ್ದು ನೋಡಿ ಮಂಕಾಗಿ ಕೂತಿದ್ದನ್ನು ಕಂಡಿದ್ದೇನೆ. ಮಾರ್ಚ್ 20ರ ಹೊತ್ತಿಗೆ ಹಗಲು 12 ಗಂಟೆ ದಾಟುತ್ತದೆ. ನೀಲಿ ಆಕಾಶ, ಕೆಳಗೆ ಬೆಳ್ಳನೆ ನೆಲ, ಕಣ್ಣು ಬಿಡೋದಕ್ಕೆ ಆಗದಷ್ಟು ಬಿಸಿಲು. ಕೂಲಿಂಗ್ ಗ್ಲಾಸ್ ಮರೆಯದೆ ತನ್ನಿ.

ಮಕ್ಕಳಿಗೆ ಸಾಂತಾ ತಾತ ತಪ್ಪಿಹೋಗುತ್ತಾನೆ ಅಂತ ಚಿಂತೆ ಬೇಡ. ರೊವಾನಿಯೆಮಿ ಹತ್ತಿರ ಆರ್ಕ್ಟಿಕ್ ವೃತ್ತದ ಮೇಲಿರುವ ಸಾಂತಾ ಹಳ್ಳಿ ವರ್ಷಪೂರ್ತಿ ತೆರೆದಿರುತ್ತದೆ.

ಇನ್ನು ಮಾಡೋದು ಏನು? ನನ್ನ ಲೆಕ್ಕದಲ್ಲಿ ಮೊದಲನೆಯದು ನಡೆಯೋದು. ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ಸ್ವಲ್ಪ ಕರಗುತ್ತದೆ, ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾಗುತ್ತದೆ. ಹೀಗೆ ನಾಲ್ಕಾರು ದಿನ ಆದರೆ ಮನುಷ್ಯನ ಭಾರ ತಡೆಯುವ ಹೊದಿಕೆ ಸಿದ್ಧ. ಇದಕ್ಕೆ ಹಂಕಿಕಾಂತೊ ಅಂತ ಹೆಸರು. ಬೆಳಗ್ಗೆ ಏಳು ಗಂಟೆಗೆ ಹೊರಟರೆ ದಾರಿಯ ಹಂಗೇ ಇಲ್ಲ. ಬೇಸಿಗೆಯಲ್ಲಿ ಕಾಲಿಟ್ಟರೆ ಹೂತುಹೋಗುವ ಜೌಗು ನೆಲದ ಮೇಲೂ ಸೀದಾ ನಡೆಯಬಹುದು. ಕಾಡು ಯಾರದ್ದೇ ಆಗಿರಲಿ, ಮನೆಯಂಗಳ ಬಿಟ್ಟು ಎಲ್ಲಿ ಬೇಕಾದರೂ ಓಡಾಡುವ ಹಕ್ಕು ಇಲ್ಲಿ ಎಲ್ಲರಿಗೂ ಇದೆ, ಬಂದ ನೆಂಟರಿಗೂ ಇದೆ. ಹೆಜ್ಜೆ ಇಟ್ಟಾಗ ಕರಕ್ ಅಂತ ಸಣ್ಣ ಸದ್ದು. ಪಕ್ಕದಲ್ಲಿ ಮೊಲದ ಹೆಜ್ಜೆ ಗುರುತು, ಅದರ ಪಕ್ಕ ನರಿಯದ್ದು. ಒಂದೇ ಮಾತು ನೆನಪಿಡಿ: ಬಿಸಿಲು ಏರುವ ಮೊದಲು ವಾಪಸ್ ಬನ್ನಿ. ನಾನೊಮ್ಮೆ ಹನ್ನೊಂದು ಗಂಟೆವರೆಗೆ ಅಲ್ಲೇ ಇದ್ದೆ. ಹೊದಿಕೆ ಮೆತ್ತಗಾಗಿ ಪ್ರತಿ ಹೆಜ್ಜೆಗೂ ತೊಡೆಯವರೆಗೆ ಇಳಿಯಿತು. ಒಂದು ಕಿಲೋಮೀಟರ್ ದಾಟೋದಕ್ಕೆ ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು.

ಎರಡನೆಯದು ಮಂಜುಗಡ್ಡೆ ಕೊರೆದು ಮೀನು ಹಿಡಿಯೋದು. ಹೆಸರು ಪಿಲ್ಕಿ. ಹೆಚ್ಚಿನ ಕೆರೆಗಳಲ್ಲಿ ಇದಕ್ಕೆ ಪರವಾನಗಿ ಬೇಡ, ಶುಲ್ಕವೂ ಇಲ್ಲ. ಆಳೆತ್ತರದ ಬೈರಿಗೆಯನ್ನು ಕೆರೆಯ ಮೇಲೆ ನಿಲ್ಲಿಸಿ ಎರಡೂ ಕೈಯಲ್ಲಿ ತಿರುಗಿಸಬೇಕು. ಬಿಳಿ ಪುಡಿ ಸುತ್ತ ರಾಶಿ ಬೀಳುತ್ತದೆ. ಮಾರ್ಚ್‌ನಲ್ಲಿ ಗಡ್ಡೆ ಅರ್ಧ ಮೀಟರ್‌ಗಿಂತ ದಪ್ಪ, ತೋಳು ಸೋಲುತ್ತದೆ. ಥಟ್ಟನೆ ಕೈ ಹಗುರಾಗುತ್ತದೆ, ಬುಳಕ್ ಅಂತ ಕಪ್ಪು ನೀರು ಮೇಲೆ ಬರುತ್ತದೆ. ಪೂರಿ ಎತ್ತುವ ಜಾಲರಿ ಸೌಟಿನಂಥದ್ದರಲ್ಲೇ ಚೂರುಗಳನ್ನು ತೆಗೆದು, ಗೇಣುದ್ದದ ಕೋಲಿನ ಗಾಳ ಇಳಿಬಿಟ್ಟು ಕೂರೋದು. ನಮ್ಮ ಪಕ್ಕದ ಮನೆಯ ಅಜ್ಜ ನನಗೆ ಇದನ್ನು ಕಲಿಸಿದರು. ಮೂರು ಗಂಟೆಯಲ್ಲಿ ಹತ್ತು ಮಾತು ಆಡಿದ್ದರೆ ಹೆಚ್ಚು. ಆ ಮೌನದಲ್ಲಿ ಬೇಸರ ಅನ್ನೋದೇ ಇರಲಿಲ್ಲ. ಕೊರಳಿಗೆ ಚೂಪು ಮೊಳೆ ಕೂರಿಸಿದ ಎರಡು ಹಿಡಿಗಳನ್ನು ನೇತುಹಾಕಿದ್ದರು. ಅಕಸ್ಮಾತ್ ಗಡ್ಡೆ ಒಡೆದು ನೀರಿಗೆ ಬಿದ್ದರೆ ಅವನ್ನು ಗಡ್ಡೆಗೆ ಚುಚ್ಚಿ ಮೇಲೆ ಏರಬೇಕು. ಸ್ಥಳೀಯರು ಹೋಗದ ಕಡೆ, ಹರಿಯುವ ನೀರಿನ ಬಳಿ ನೀವೂ ಹೋಗಬೇಡಿ.

ಮೂರನೆಯದು ಸೌನಾ, ಅಂದರೆ ಇಲ್ಲಿನ ಹಬೆಸ್ನಾನ. ಸುಮಾರು 56 ಲಕ್ಷ ಜನರ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ. 2020ರಲ್ಲಿ ಇಲ್ಲಿನ ಸೌನಾ ಸಂಸ್ಕೃತಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿತು. 80 ಡಿಗ್ರಿ ಬಿಸಿಯ ಮರದ ಕೋಣೆ, ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು, ಮೈಗೆ ಬಂದು ತಬ್ಬುವ ಹಬೆ. ಆ ಹಬೆಗೆ ಲೊಯ್ಲು ಅನ್ನುತ್ತಾರೆ. ಅಲ್ಲಿಂದ ಎದ್ದು ಹೊರಗೆ ಬಂದರೆ ಕೆರೆಯಲ್ಲಿ ಕೊರೆದಿಟ್ಟ ಬಾವಿ, ಅದಕ್ಕೊಂದು ಏಣಿ. ತಲೆಗೆ ಉಣ್ಣೆ ಟೋಪಿ ಹಾಕಿಕೊಂಡೇ ಇಳಿಯಿರಿ. ಮೊದಲ ಕ್ಷಣ ಉಸಿರು ಕಟ್ಟುತ್ತದೆ, ನಿಧಾನವಾಗಿ ಉಸಿರು ಬಿಡಿ. ಹತ್ತು ಎಣಿಸಿ ಮೇಲೆ ಬಂದುಬಿಡಿ. ಆಮೇಲೆ ಸುಮ್ನೆ ನಿಂತರೂ ಐದು ನಿಮಿಷ ಚಳಿಯೇ ತಟ್ಟಲ್ಲ. ಆ ಹಗುರ ಅನುಭವಿಸದೆ ಯಾರೂ ಇಲ್ಲಿಂದ ಹೋಗಬಾರದು ಅಂತ ನನ್ನ ಆಸೆ. ಹೃದಯದ ತೊಂದರೆ, ಬಿಪಿ ಇದ್ದವರು ಮಾತ್ರ ನೀರಿಗಿಳಿಯೋದು ಬೇಡ, ಸೌನಾಕ್ಕೂ ಡಾಕ್ಟರನ್ನು ಕೇಳಿಯೇ ಹೋಗಿ.

ಉತ್ತರದ ಬೆಳಕನ್ನು, ಅಂದರೆ ಆರೋರಾವನ್ನು ಯಾಕೆ ಕೊನೆಗೆ ಹೇಳುತ್ತಿದ್ದೇನೆ ಅಂದರೆ, ಅದು ನಮ್ಮ ಕೈಯಲ್ಲಿಲ್ಲ. ಸೂರ್ಯನಿಂದ ಬಂದ ಕಣಗಳು 100 ಕಿಲೋಮೀಟರ್‌ಗೂ ಮೇಲೆ ಆಮ್ಲಜನಕಕ್ಕೆ ಬಡಿದಾಗ ಆ ಹಸಿರು. ಮೋಡ ಇದ್ದರೆ ಏನೂ ಕಾಣಲ್ಲ. ಇದರಲ್ಲೂ ಮಾರ್ಚ್‌ ಒಳ್ಳೆಯದು: ಡಿಸೆಂಬರ್‌ಗಿಂತ ಆಕಾಶ ತಿಳಿಯಾಗಿರುತ್ತದೆ, ರಾತ್ರಿಯ ಕತ್ತಲೂ ಸಾಕಷ್ಟಿರುತ್ತದೆ. ಏಪ್ರಿಲ್ ಎರಡನೇ ವಾರದಿಂದ ರಾತ್ರಿ ತೆಳ್ಳಗಾಗುತ್ತಾ ಹೋಗುತ್ತದೆ. ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಬರುವವರು ಏಪ್ರಿಲ್ ಮೊದಲ ವಾರವನ್ನೇ ಹಿಡಿಯಿರಿ, ಲ್ಯಾಪ್‌ಲ್ಯಾಂಡ್‌ನ ಇನಾರಿಯ ಕಡೆ ಹೋಗಿ. ಅಲ್ಲಿ ಈ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಮ್ಯೂಸಿಯಂ ಇದೆ, ಹೆಸರು 'ಸೀದಾ' (Siida), ತಪ್ಪಿಸಬೇಡಿ. ಹಿಮಸಾರಂಗ ಸಾಕುವವರ ಮನೆಗೆ ಹೋದರೆ "ನಿಮ್ಮ ಹತ್ತಿರ ಎಷ್ಟಿವೆ?" ಅಂತ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟಿಟ್ಟಿದ್ದೀರಿ ಅಂತ ಕೇಳಿದ ಹಾಗೆ.

ಬಟ್ಟೆಯ ವಿಷಯ ಚಿಕ್ಕದು. ಮೈಗೆ ತಾಗಿ ಉಣ್ಣೆ, ಮಧ್ಯೆ ಬೆಚ್ಚನೆಯದು, ಮೇಲೆ ಗಾಳಿ ತಡೆಯುವಂಥದ್ದು. ಹತ್ತಿ ಬಟ್ಟೆ, ಜೀನ್ಸ್ ಬೇಡ, ಬೆವರು ಹೀರಿ ತಣ್ಣಗಾಗುತ್ತವೆ. ಬೂಟು ಒಂದು ಸೈಜ್ ದೊಡ್ಡದಿರಲಿ.

"ಸಸ್ಯಾಹಾರಿಗಳಿಗೆ ಏನು ಸಿಗುತ್ತೆ?" ಅಂತ ನನ್ನ ಸೋದರತ್ತೆಯೂ ಕೇಳಿದ್ದರು. ತೀರ್ಥಹಳ್ಳಿ ಕಡೆಯವರು, ನಲವತ್ತು ವರ್ಷ ದನ ಸಾಕಿದವರು. ಹೋದ ಮಾರ್ಚ್ ಕೊನೆಯಲ್ಲಿ ಬಂದಾಗ ಅವರನ್ನು ಕಾಡಿನ ಲಾವುಗೆ ಕರೆದುಕೊಂಡು ಹೋದೆ. ಮೂರು ಕಡೆ ಮುಚ್ಚಿದ ಮರದ ಚಪ್ಪರ, ಮುಂದೆ ಬೆಂಕಿ ಹಾಕುವ ಜಾಗ. ಲೈಪಯೂಸ್ತೊ ಅನ್ನುವ ಇಲ್ಲಿನ ಚೀಸನ್ನು ಕಡ್ಡಿಗೆ ಸಿಕ್ಕಿಸಿ ಕೆಂಡದ ಮೇಲೆ ಹಿಡಿದು ಕೊಟ್ಟೆ. ಹಳೆಯ ಕಾಲದಲ್ಲಿ ಅದನ್ನು ಈದ ಹಸುವಿನ ಮೊದಲ ಹಾಲಿನಲ್ಲೇ ಮಾಡುತ್ತಿದ್ದರು. ಅದನ್ನು ನಾನಿನ್ನೂ ಹೇಳಿರಲಿಲ್ಲ. ಅತ್ತೆ ಕೈಗವಸು ತೆಗೆದು ಒಂದು ಚೂರು ಬಾಯಿಗಿಟ್ಟು ಮೆಲ್ಲಗೆ ಅಗಿದರು. ನನ್ನ ಮುಖ ನೋಡಿ, "ಇದು ನಮ್ಮ ಗಿಣ್ಣಲ್ವೇನೋ?" ಅಂದರು.