ದೊಡ್ಡಮ್ಮನ ತಲೆಕೂದಲು

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ದೊಡ್ಡಮ್ಮ ಹಾಸಿಗೆ ಹಿಡಿದರು. ಅವರ ಮಗ, ಅಂದರೆ ನಮ್ಮಣ್ಣ, ಬೆಂಗಳೂರಲ್ಲಿ. ನಾನು ಕಾಸರಗೋಡು ಪೇಟೆಯಲ್ಲಿ. ಬದಿಯಡ್ಕದಿಂದ ಒಳಗೆ ಹೋದರೆ ಸಿಗುವ ತೋಟದ ಮನೆಯಲ್ಲಿ ಅವರೊಬ್ಬರೇ. ಇಂಥ ಹೊತ್ತಲ್ಲಿ ನಮ್ಮೂರಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಏಜೆನ್ಸಿಗೆ ಫೋನ್ ಮಾಡಿ ಒಬ್ಬ ಹೋಂ ನರ್ಸನ್ನು ಕರೆಸಿಕೊಂಡೆವು.

ಹೋಂ ನರ್ಸ್ ಅಂದಕೂಡಲೇ ನರ್ಸಿಂಗ್ ಓದಿದವರು ಅಂದುಕೊಳ್ಳಬೇಡಿ. ಹೆಚ್ಚಿನವರು ಕೆಲಸ ಮಾಡುತ್ತಾ ಮಾಡುತ್ತಾ ಕಲಿತವರು. ಮನೆಯಲ್ಲೇ ಉಳಿದು ಸ್ನಾನ, ಊಟ, ಔಷಧಿ, ಬಟ್ಟೆ ಬದಲಿಸುವುದು ಎಲ್ಲ ನೋಡಿಕೊಳ್ಳುತ್ತಾರೆ. ನಮ್ಮಲ್ಲಿಗೆ ಬಂದಾಕೆ ವೆಳ್ಳರಿಕುಂಡ್ ಕಡೆಯವಳು, ಮಲಯಾಳ ಮಾತ್ರ ಬರುತ್ತಿತ್ತು. ದೊಡ್ಡಮ್ಮ ಶಾಲೆಗೆ ಸೇರಿದಾಗ ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಅವರ ಮಲಯಾಳ ಅರ್ಧಂಬರ್ಧವೇ. ಕೇಳಿದರೆ ಅರ್ಥವಾಗುತ್ತದೆ, ತಿರುಗಿ ಹೇಳಲು ಬಾಯಿ ಬರುವುದಿಲ್ಲ. ಹಾಗಾಗಿ ಅವಳು ಹೇಳುವುದು, ಇವರು ಸುಮ್ಮನಿರುವುದು.

ಕೆಲಸದಲ್ಲಿ ಮಾತ್ರ ಹುಡುಗಿ ಚುರುಕು. ಬೆನ್ನಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಒಂದು ರಾತ್ರಿಯೂ ತಪ್ಪಿಸಲಿಲ್ಲ.

ಒಂದು ಶನಿವಾರ ಹೋದೆ. ದೊಡ್ಡಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಕತ್ತಿನ ಹಿಂಭಾಗ ಖಾಲಿ. ಸೊಂಟದವರೆಗೆ ಇದ್ದ ಕೂದಲನ್ನು ಕಿವಿಯ ಮೇಲಕ್ಕೆ, ಏಣಿ ಮೆಟ್ಟಿಲ ಹಾಗೆ ಕತ್ತರಿಸಿ ಬಿಟ್ಟಿದ್ದಳು. ಕೂದಲು ಹಳೇ ಪೇಪರಿನಲ್ಲಿ ಸುತ್ತಿ ಬಚ್ಚಲ ಒಲೆಯ ಪಕ್ಕ ಬಿದ್ದಿತ್ತು. ಯಾಕೆ ಅಂತ ಕೇಳಿದರೆ ಅವಳಿಗೇ ಆಶ್ಚರ್ಯ. ತಲೆ ತೊಳೆದರೆ ಒಣಗುವುದಿಲ್ಲ, ದಿಂಬಿಗೆ ಉಜ್ಜಿ ಸಿಕ್ಕುಗಟ್ಟುತ್ತದೆ, ಹೇನು ಬೇರೆ. ‘ಚೇಟ್ಟನ್ ಹತ್ತಿರ ಕೇಳಿಯೇ ಮಾಡಿದ್ದು’ ಅಂದಳು. ನಿಜ, ಅಣ್ಣನಿಗೆ ಫೋನ್ ಮಾಡಿದ್ದಳು. ಅವನು ಮೀಟಿಂಗಿನಲ್ಲಿದ್ದ. ನಿಮಗೆ ಅನುಕೂಲವಾದ ಹಾಗೆ ಮಾಡಿ ಅಂದಿದ್ದ.

ದೊಡ್ಡಮ್ಮ ನನ್ನ ಕಡೆ ತಿರುಗದೆ ಒಂದೇ ಮಾತು ಹೇಳಿದರು. ‘ಎನ್ನ ಹತ್ತರೆ ಆರೂ ಕೇಳಿದ್ದವಿಲ್ಲೆ.’

ಅವರ ಅಜ್ಜಿ ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕಾಲ ಕಳೆದವರು. ದೊಡ್ಡಪ್ಪ ತೀರಿಕೊಂಡಾಗ ಕಾಲ ಬದಲಾಗಿತ್ತು, ದೊಡ್ಡಮ್ಮನ ಕೂದಲಿನ ಸುದ್ದಿಗೆ ಯಾರೂ ಬರಲಿಲ್ಲ. ಆ ಕೂದಲು ಅವರಿಗೆ ಏನಾಗಿತ್ತು ಅಂತ ವೆಳ್ಳರಿಕುಂಡ್‌ನ ಹುಡುಗಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರಬೇಕಾಗಿಯೂ ಇರಲಿಲ್ಲ. ಕತ್ತರಿ ಹಿಡಿಯುವ ಮೊದಲು ದೊಡ್ಡಮ್ಮನ ಮುಖ ನೋಡಿ ಕೈಸನ್ನೆ ಮಾಡಿದ್ದರೂ ಸಾಕಿತ್ತು. ಎಂಬತ್ತು ದಾಟಿದವರ ಕಿವಿ ಮಂದವಾಗಿರಬಹುದು, ಬುದ್ಧಿಯೂ ಮಂದ ಅಂತ ಯಾರು ಹೇಳಿದ್ದು? ನನಗೆ ಅವಳಿಗಿಂತ ಜಾಸ್ತಿ ಸಿಟ್ಟು ಬಂದದ್ದು ಅಣ್ಣನ ಮೇಲೆ.

ಏಜೆನ್ಸಿಗೆ ಫೋನ್ ಮಾಡಿದೆ. ‘ಬೇರೆ ಆಳು ಕಳಿಸ್ತೇವೆ’ ಅಂದರು. ಆಳಿನ ಪ್ರಶ್ನೆ ಅಲ್ಲ, ನೀವು ಕಳಿಸುವವರು ಹೇಗೆ ನಡೆದುಕೊಳ್ಳಬೇಕು ಅಂತ ಏನಾದರೂ ಬರೆದು ಕೊಟ್ಟಿದ್ದೀರಾ ಅಂತ ಕೇಳಿದೆ. ಇತ್ತು, ಅಗ್ರಿಮೆಂಟ್. ಅದರಲ್ಲಿ ಸಂಬಳ, ಸರ್ವೀಸ್ ಚಾರ್ಜ್, ರಜೆ, ಊಟ. ಮಲಗಿದವರ ಬಗ್ಗೆ ಒಂದು ಸಾಲೂ ಇಲ್ಲ.

ಕಾನೂನು ಇಲ್ಲವೇ ಅಂದರೆ ಇದೆ. ಹಿರಿಯ ನಾಗರಿಕರಿಗಾಗಿ 2007ರ ಕಾಯ್ದೆ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಟ್ರಿಬ್ಯೂನಲ್‌ಗೆ ಹೋಗಿ ಜೀವನಾಂಶ ಕೇಳಬಹುದು. 14567ಕ್ಕೆ ಫೋನ್ ಮಾಡಿದರೆ ಸಹಾಯವಾಣಿಯವರು ಸಿಗುತ್ತಾರೆ. ಆದರೆ ನಮ್ಮಣ್ಣ ದುಡ್ಡು ಕಳಿಸುತ್ತಾನೆ, ದಿನಾ ಫೋನ್ ಮಾಡುತ್ತಾನೆ. ಕೇಳದೆ ಕೂದಲು ಕತ್ತರಿಸಿದರು ಅಂತ ಜೀವನಾಂಶದ ಟ್ರಿಬ್ಯೂನಲ್ ಮುಂದೆ ಹೋಗಿ ನಿಲ್ಲುವುದು ಹೇಗೆ?

ರಾತ್ರಿ ಮೆಲ್ಬರ್ನಿನಲ್ಲಿರುವ ಚಿಕ್ಕಮ್ಮನ ಮಗಳಿಗೆ ಹೇಳಿಕೊಂಡೆ. ಅವಳು ಅಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ 2022ರ ಡಿಸೆಂಬರಿನಿಂದ ಇದಕ್ಕೆಂದೇ ನಡತೆಯ ನಿಯಮಗಳಿವೆಯಂತೆ. ಸಂಸ್ಥೆ ನಡೆಸುವವರಿಂದ ಹಿಡಿದು ಸ್ನಾನ ಮಾಡಿಸುವವರವರೆಗೆ ಎಲ್ಲರಿಗೂ ಅನ್ವಯ. ಒಟ್ಟು 8 ಅಂಶಗಳು. ಮೊದಲನೆಯದೇ ಹಿರಿಯರು ತಮ್ಮ ವಿಷಯ ತಾವೇ ತೀರ್ಮಾನಿಸುವ ಹಕ್ಕು. ಆಮೇಲೆ ಘನತೆ, ಖಾಸಗಿತನ, ಪ್ರಾಮಾಣಿಕತೆ, ದೂರು ಬಂದರೆ ಕೂಡಲೇ ಕ್ರಮ. ತೀರಾ ಕೆಟ್ಟದಾಗಿ ನಡೆದುಕೊಂಡವರನ್ನು ಈ ಕೆಲಸದಿಂದಲೇ ನಿಷೇಧಿಸುವ ಅಧಿಕಾರ ಅಲ್ಲಿನ ವೃದ್ಧರ ಆರೈಕೆಯ ಆಯೋಗಕ್ಕಿದೆ. ‘ಅಕ್ಕಾ, ಇಲ್ಲೂ ಎಲ್ಲ ಸರಿ ಇದೆ ಅಂತಲ್ಲ. ಎಷ್ಟೋ ಅನ್ಯಾಯ ಹೊರಗೆ ಬಂದ ಮೇಲೆ ಈ ನಿಯಮ ಮಾಡಿದ್ದು. ಆದ್ರೆ ಬಾಗಿಲು ತಟ್ಟದೆ ರೂಮಿಗೆ ಹೋಗೋಕೆ ನಂಗೆ ಈಗ ಕೈಯೇ ಬರಲ್ಲ’ ಅಂದಳು.

ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಪಂಚಾಯತಿನ ಪಾಲಿಯೇಟಿವ್, ಅಂದರೆ ನೋವು ಕಡಿಮೆ ಮಾಡುವ ಆರೈಕೆಯ ನರ್ಸ್ ಇದ್ದಾರಲ್ಲ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿದ್ದರಿಂದ ಹಾಸಿಗೆ ಹಿಡಿದವರ ಮನೆಗೆ ಅವರೇ ಬರುತ್ತಾರೆ. ದೊಡ್ಡಮ್ಮನ ಮೂತ್ರದ ಟ್ಯೂಬ್ ಬದಲಿಸುವುದು ಅವರೇ. ಬಂದವರು ಮೊದಲು ನಮ್ಮನ್ನೆಲ್ಲ ಹೊರಗೆ ಕಳಿಸುತ್ತಾರೆ. ಕಿಟಕಿ ಪರದೆ ಎಳೆಯುತ್ತಾರೆ. ಅವರದ್ದೂ ಮುರುಕು ಕನ್ನಡವೇ. ‘ಅಮ್ಮಾ, ಈಗ ಮಾಡಲಾ? ಸ್ವಲ್ಪ ನೋವು ಉಂಟು’ ಅನ್ನುತ್ತಾರೆ. ದೊಡ್ಡಮ್ಮ ಹೂಂ ಅಂದ ಮೇಲೆಯೇ ಗ್ಲೌಸ್ ಹಾಕುವುದು. ಒಮ್ಮೆ ದೊಡ್ಡಮ್ಮ ‘ಕಾಫಿ ಕುಡಿದು ಆಮೇಲೆ’ ಅಂದಾಗ ಅವರು ಜಗಲಿಯಲ್ಲಿ ಕೂತು ಕಾದದ್ದನ್ನು ನಾನೇ ನೋಡಿದ್ದೇನೆ.

ಹೊಸ ಹೋಂ ನರ್ಸ್ ಬರುವ ಮೊದಲು ದೊಡ್ಡಮ್ಮನ ಹತ್ತಿರ ಕೂತು ಅವರಿಗೆ ಏನು ಬೇಕು, ಏನು ಬೇಡ ಅಂತ ಬರೆದುಕೊಂಡೆ. ಬೆಳಗ್ಗೆ ಏಳಕ್ಕೆ ಮುಂಚೆ ಸ್ನಾನಕ್ಕೆ ಎಬ್ಬಿಸಬಾರದು. ಸೀರೆ ಬಿಚ್ಚುವಾಗ ಬಾಗಿಲು ಹಾಕಬೇಕು, ಮಗನೇ ಬಂದರೂ. ಗಂಜಿಯನ್ನು ಮಿಕ್ಸಿಗೆ ಹಾಕಬಾರದು, ‘ಎನಗೆ ಇನ್ನೂ ಹಲ್ಲಿದ್ದು’. ತನ್ನ ಮಲಮೂತ್ರದ ಸುದ್ದಿಯನ್ನು ತನ್ನೆದುರೇ ಫೋನಿನಲ್ಲಿ ಊರಿಗೆಲ್ಲ ಹೇಳಬಾರದು. ಮಲಯಾಳದಲ್ಲಿ ಬರೆದು ಏಜೆನ್ಸಿಗೆ ಕಳಿಸಿದೆ. ‘ಇಷ್ಟೆಲ್ಲ ಯಾರೂ ಕೇಳೋದಿಲ್ಲ ಮೇಡಂ’ ಅಂತ ನಕ್ಕರು. ನಾನು ನಗಲಿಲ್ಲ.

ಹೊಸಬಳು ಬಂದಳು. ನಡುವಯಸ್ಸು, ಗಟ್ಟಿ ಹೆಂಗಸು. ಕಾಗದ ಪೂರ್ತಿ ಓದಿದಳು. ಆಮೇಲೆ ನನಗೂ ಕೆಲವು ಇದೆ ಅಂದಳು. ತನ್ನ ಕೋಣೆಗೆ ಒಳಗಿನಿಂದ ಚಿಲಕ ಬೇಕು. ಭಾನುವಾರ ಬೆಳಗ್ಗೆ ಇಗರ್ಜಿಗೆ ಹೋಗಬೇಕು, ಅಷ್ಟು ಹೊತ್ತು ಮನೆಯವರು ಯಾರಾದರೂ ಇರಬೇಕು. ರಾತ್ರಿ ಮಗಳ ಹತ್ತಿರ ಅರ್ಧ ಗಂಟೆ ಮಾತಾಡುವಾಗ ಕರೆಯಬಾರದು. ನಾನು ಅನುವಾದಿಸಿ ಹೇಳುತ್ತಾ ಹೋದೆ, ದೊಡ್ಡಮ್ಮ ಒಂದೊಂದಕ್ಕೂ ತಲೆ ಆಡಿಸಿದರು. ಅರ್ಧ ಗಂಟೆ ಎಂತಕೆ, ಮುಕ್ಕಾಲು ಗಂಟೆ ಮಾತಾಡಲಿ ಅಂದರು.

ಟಿ.ವಿ. ವಿಷಯದಲ್ಲಿ ಮಾತ್ರ ಇಬ್ಬರೂ ಬಗ್ಗಲಿಲ್ಲ. ಕಾಫಿ ಎರಡು ಸಲ ಬಿಸಿ ಮಾಡುವಷ್ಟು ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ಏಳೂವರೆಯವರೆಗೆ ಮಲಯಾಳ ಸೀರಿಯಲ್, ಆಮೇಲೆ ಕನ್ನಡ ಅಂತ ತೀರ್ಮಾನವಾಯಿತು. ರಿಮೋಟ್ ದೊಡ್ಡಮ್ಮನ ದಿಂಬಿನ ಕೆಳಗೆ.