ಯಾರೋ ಅರ ಹಾಕಿದ ಸಿಲಿಂಡರ್

ಇವತ್ತು ಬೆಳಿಗ್ಗೆ ಯಾದವಗಿರಿಯಲ್ಲಿ ಗೆಳೆಯರೊಬ್ಬರ ಶೆಡ್‌ನಲ್ಲಿ ನಾಲ್ಕು ಜನ ಸೇರಿದ್ದೆವು. ಹಳೇ ಪೇಪರ್ ಮೇಲೆ ಒಂದು ಯೆಜ್ಡಿ ಬೈಕಿನ ಸಿಲಿಂಡರ್. 65 ಮಿ.ಮೀ. ಬೋರ್ (ಒಳಗಿನ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ). ನಮ್ಮ ಮೈಸೂರಿನ ಐಡಿಯಲ್ ಜಾವಾದಲ್ಲೇ ತಯಾರಾಗಿದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ರೇಸಿಗೆಂದು ಯಾರೋ ಇದರ ಗೋಡೆಯಲ್ಲಿ ಗಾಳಿ-ಹೊಗೆ ಓಡಾಡುವ ಕಿಂಡಿಗಳಾದ ಪೋರ್ಟ್‌ಗಳಿಗೆ ಕೈಯಲ್ಲೇ ಅರ ಹಾಕಿದ್ದಾರೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಮೇಲಂಚು ಸ್ವಲ್ಪ ಎತ್ತರವಾಗಿದೆ. ಹಾಗೆ ಮಾಡಿದರೆ ಜೋರು ಓಟದಲ್ಲಿ ಪವರ್ ಜಾಸ್ತಿ, ನಿಧಾನದಲ್ಲಿ ಎಳೆತ ಕಮ್ಮಿ.

ಮಾತು ಸೈಲೆನ್ಸರ್ ಕಡೆ ಹೊರಳಿತು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಬೈಕ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡನ್ ಹೊಟ್ಟೆ ಉಬ್ಬಿದ ಎಕ್ಸಾಸ್ಟ್ ಪೈಪನ್ನು ರೇಸಿಗೆ ಪಳಗಿಸಿದರು. ಹೊರಗೆ ಹೋದ ಒತ್ತಡದ ಅಲೆ ತಿರುಗಿ ಬಂದು, ತಪ್ಪಿಸಿಕೊಂಡ ಪೆಟ್ರೋಲ್-ಗಾಳಿಯನ್ನು ಸಿಲಿಂಡರಿಗೇ ವಾಪಸ್ ತಳ್ಳುತ್ತದೆ. ಎಂಥ ತಲೆ ಅಲ್ವಾ! 1961ರಲ್ಲಿ ಅವರ ರೈಡರ್ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿಬಂದು ಸುಜುಕಿ ಸೇರಿದರು. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದರು.

ಡೆಗ್ನರ್ ಹೆಸರು ಎಲ್ಲರಿಗೂ ಗೊತ್ತು. ನಮ್ಮ ಸಿಲಿಂಡರಿಗೆ ಅರ ಹಾಕಿದ ಮೆಕ್ಯಾನಿಕ್ ಯಾರು? ಅಂಚು ಎಷ್ಟು ನುಣುಪಾಗಿದೆ ಅಂದರೆ ಬೆರಳು ತೆಗೆಯಲು ಮನಸ್ಸಾಗಲಿಲ್ಲ. ಅವರು ಬದುಕಿದ್ದರೆ ಹೋಗಿ ಪಕ್ಕದಲ್ಲಿ ಸುಮ್ನೆ ಕೂರಬೇಕು ಅನ್ನಿಸಿತು.

ಮುಂದಿನ ಭಾನುವಾರ ಇದರ ಪಿಸ್ಟನ್ ಹುಡುಕಬೇಕು.