ಸಾಧಕರ ಪಟ್ಟಿಯಲ್ಲಿಲ್ಲದ ಒಂದು ಸ್ಲೈಡ್

ನಮ್ಮ ಕ್ಲಿನಿಕಲ್ ಪ್ರಯೋಗಾಲಯ ವಿಜ್ಞಾನ ವಿಭಾಗದ ಫಲಕದಲ್ಲಿ ಇಂದು ಈ ವರ್ಷದ ಸಾಧಕರ ಪಟ್ಟಿ ಕಾಣಿಸಿಕೊಂಡಿತು. ರ‍್ಯಾಂಕ್ ಪಡೆದವರು, ಪೋಸ್ಟರ್ ಬಹುಮಾನ ಗೆದ್ದವರು, ಸಂಶೋಧನಾ ಪ್ರಬಂಧ ಪ್ರಕಟಿಸಿದ ಅಧ್ಯಾಪಕರು, ಎಲ್ಲರೂ ಅರ್ಹರೇ. ನನ್ನ ಮನಸ್ಸು ಮಾತ್ರ ಆ ಪಟ್ಟಿಯಲ್ಲಿಲ್ಲದ ಒಬ್ಬ ವಿದ್ಯಾರ್ಥಿನಿಯ ಕಡೆಗೆ ಹೋಯಿತು.

ಕಳೆದ ತಿಂಗಳು ಒಂದು ರಕ್ತಮಾದರಿಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಮೈಕ್ರೋಲೀಟರಿಗೆ ಕೇವಲ 38,000 ಎಂದು ಯಂತ್ರ ತೋರಿಸಿದಾಗ (ಸಾಮಾನ್ಯವಾಗಿ ಅದು 1,50,000ಕ್ಕಿಂತ ಹೆಚ್ಚಿರಬೇಕು), ಆಕೆ ವರದಿಯನ್ನು ಹಾಗೆಯೇ ಕಳುಹಿಸದೆ, ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಹರಡಿ ಸ್ಮಿಯರ್ ತಯಾರಿಸಿ, ಅದರ ತೆಳುವಾದ ಗರಿಯಂಚನ್ನು ಸೂಕ್ಷ್ಮದರ್ಶಕದಲ್ಲಿ ತಾಳ್ಮೆಯಿಂದ ನೋಡಿದಳು. ಅಲ್ಲಿ ಪ್ಲೇಟ್‌ಲೆಟ್‌ಗಳು ನೇರಳೆ ಬಣ್ಣದ ಗೊಂಚಲುಗಳಾಗಿ ಅಂಟಿಕೊಂಡಿದ್ದವು. ರಕ್ತ ಹೆಪ್ಪುಗಟ್ಟದಿರಲೆಂದು ಕೊಳವೆಯಲ್ಲಿ ಇರಿಸುವ ಇಡಿಟಿಎ ಕೆಲವರ ರಕ್ತದಲ್ಲಿ ಪ್ರತಿಕಾಯಗಳ ಮೂಲಕ ಪ್ಲೇಟ್‌ಲೆಟ್‌ಗಳನ್ನು ಹೀಗೆ ಗುಂಪುಗೂಡಿಸುತ್ತದೆ. ಯಂತ್ರಕ್ಕೆ ಆ ಗೊಂಚಲು ಲೆಕ್ಕಕ್ಕೆ ಸಿಗುವುದಿಲ್ಲ. ಇಡಿಟಿಎ ಬದಲು, ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ದ್ರವವಾದ ಸಿಟ್ರೇಟ್ ಇರುವ ಕೊಳವೆಯಲ್ಲಿ ಮತ್ತೆ ರಕ್ತ ತರಿಸಿ, ಅದರಲ್ಲಿನ ದ್ರವದಿಂದಾಗುವ ತೆಳುವಾಗುವಿಕೆಯನ್ನು ಸರಿದೂಗಿಸಲು 1.1ರಿಂದ ಗುಣಿಸಿದಾಗ ಸಂಖ್ಯೆ ಸಹಜವಾಗಿಯೇ ಇತ್ತು. ಇಲ್ಲದ ಕಾಯಿಲೆಗೆ ಚಿಕಿತ್ಸೆ ಆರಂಭವಾಗುವ ಸಾಧ್ಯತೆ ಅಲ್ಲಿಗೆ ತಪ್ಪಿತು.

ಯಂತ್ರದ ಅಂಕಿಯನ್ನು ಅನುಮಾನಿಸುವುದನ್ನು ಆಕೆಗೆ ಕಲಿಸಿದ ಅಧ್ಯಾಪಕಿಯ ಹೆಸರೂ ಫಲಕದಲ್ಲಿಲ್ಲ. ಅವರು ಪ್ರತಿದಿನ ಮೊದಲ ಮಾದರಿಗೂ ಮುನ್ನ ಮೌಲ್ಯ ಗೊತ್ತಿರುವ ನಿಯಂತ್ರಣ ಮಾದರಿಗಳ ಫಲಿತಾಂಶ ಗುರುತಿಸಿ ಯಂತ್ರ ಸರಿಯಿದೆಯೇ ಎಂದು ತೋರಿಸುವ ಲೆವಿ-ಜೆನ್ನಿಂಗ್ಸ್ ನಕ್ಷೆಯ ಚುಕ್ಕೆಗಳನ್ನು ವಿದ್ಯಾರ್ಥಿಗಳಿಂದಲೇ ಓದಿಸುತ್ತಾರೆ. ಸತತ ಎರಡು ಚುಕ್ಕೆಗಳು ಸರಾಸರಿಯ ಒಂದೇ ಬದಿಯಲ್ಲಿ ಎರಡು ಮಾನಕ ವಿಚಲನೆಯನ್ನು (ಸಹಜ ಏರಿಳಿತದ ಅಳತೆ) ದಾಟಿದರೆ ಆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ನಾನೂ ಹಿಂದೊಮ್ಮೆ ಇದನ್ನು ಅತಿಯಾದ ಶಿಸ್ತೆಂದು ಗೊಣಗಿದ್ದೆ.

ಆ ಸ್ಲೈಡನ್ನು ಈಗ ಹೊಸ ತಂಡದ ಮೊದಲ ಪಾಠಕ್ಕೆಂದು ತೆಗೆದಿರಿಸಲಾಗಿದೆ.